ಅಲಬಾಮಾದ ಮೇಕನ್ ಕೌಂಟಿ: ಊರವರೇ ಕಟ್ಟಿಕೊಂಡ ಕಟ್ಟಡಗಳನ್ನು ನೋಡಿದ್ದೀರಾ?

ಆಬರ್ನ್ ಕನ್ನಡಿಗ:

ಅಟ್ಲಾಂಟಾದಿಂದ ಮಾಂಟ್ಗೊಮರಿ ಕಡೆಗೆ ಓಡಾಡುವ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಐ-85 ಹೆದ್ದಾರಿಯಲ್ಲಿ ಟಸ್ಕೀಗೀ ಅನ್ನೋ ಬೋರ್ಡ್ ಬರುತ್ತದೆ. ಹೆಚ್ಚಿನವರು ಅಲ್ಲಿ ಕಾರು ತಿರುಗಿಸುವುದೇ ಇಲ್ಲ. ನನಗೆ ಅದು ಬೇಜಾರಿನ ಸಂಗತಿ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಟಸ್ಕೀಗೀ ಇರುವುದು ಮೇಕನ್ ಕೌಂಟಿಯಲ್ಲಿ. ವಿಸ್ತೀರ್ಣದಲ್ಲಿ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. 2020ರ ಜನಗಣತಿಯ ಪ್ರಕಾರ ಇಲ್ಲಿ ಇಪ್ಪತ್ತು ಸಾವಿರ ಜನವೂ ಇಲ್ಲ. ಅವರಲ್ಲಿ ಐದರಲ್ಲಿ ನಾಲ್ಕು ಪಾಲು ಕಪ್ಪು ಜನ. ಪೈನ್ ಕಾಡು, ಒಂದಾನೊಂದು ಕಾಲದ ಹತ್ತಿ ಹೊಲಗಳು, ಅಲ್ಲಲ್ಲಿ ಒಂದೊಂದು ಚರ್ಚು.

ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ಕಟ್ಟಡ ಅಂದ ಕೂಡಲೇ ಎತ್ತರದ ಕಂಬಗಳ ದೊಡ್ಡ ಮನೆ ಕಣ್ಮುಂದೆ ಬರುತ್ತದೆ, ಅಲ್ವಾ? ಅಂಥದ್ದು ಇಲ್ಲೂ ಇದೆ. ಗ್ರೇ ಕಾಲಮ್ಸ್ ಅಂತ ಹೆಸರು, 1850ರ ದಶಕದ್ದು, ನೋಡಲು ಸೊಗಸು. ಆದರೆ ಈ ಕೌಂಟಿಯಲ್ಲಿ ಮೊದಲು ನೋಡಬೇಕಾದದ್ದು ಅದಲ್ಲ. ಗುಲಾಮಗಿರಿಯಿಂದ ಹೊರಬಂದವರು ಮತ್ತು ಅವರ ಮಕ್ಕಳು ತಾವೇ ಇಟ್ಟಿಗೆ ಸುಟ್ಟು, ತಮ್ಮ ಜೇಬಿನಿಂದ ಕಾಸು ಹಾಕಿ ಕಟ್ಟಿದ್ದನ್ನು ಮೊದಲು ನೋಡಬೇಕು.

1881ರ ಜುಲೈ 4ರಂದು ಬೂಕರ್ ಟಿ. ವಾಷಿಂಗ್ಟನ್ ಅನ್ನೋ ಕಪ್ಪು ಶಿಕ್ಷಕರು ಇಲ್ಲಿ ಕಪ್ಪು ಜನರಿಗಾಗಿ ಶಾಲೆ ಶುರು ಮಾಡಿದರು. ಈಗಿನ ಟಸ್ಕೀಗೀ ವಿಶ್ವವಿದ್ಯಾಲಯ ಅದೇ. 30 ವಿದ್ಯಾರ್ಥಿಗಳು. ಬಟ್ಲರ್ ಚಾಪೆಲ್ ಚರ್ಚಿನ ಹತ್ತಿರದ ಒಂದು ಸೋರುವ ಗುಡಿಸಲೇ ಕ್ಲಾಸು. ರಾಜ್ಯ ಸರ್ಕಾರ ವರ್ಷಕ್ಕೆ 2,000 ಡಾಲರ್ ಕೊಡುತ್ತಿತ್ತು, ಅದೂ ಮೇಷ್ಟರ ಸಂಬಳಕ್ಕೆ ಮಾತ್ರ. ಕಟ್ಟಡಕ್ಕೆ ಬಿಡಿಗಾಸೂ ಇಲ್ಲ. ಸ್ವಲ್ಪ ದಿನದಲ್ಲೇ ಅವರು 100 ಎಕರೆಯ ಹಳೇ ಪ್ಲಾಂಟೇಶನ್ ಜಮೀನೊಂದನ್ನು ಕೊಂಡರು. ಅಲ್ಲಿಯ ಮಣ್ಣಿನಿಂದಲೇ ಇಟ್ಟಿಗೆ ಮಾಡಲು ಹೊರಟರು. ಒಂದಾದ ಮೇಲೊಂದು ಮೂರು ಗೂಡು ಕೆಟ್ಟುಹೋದವು. ಕೈಯಲ್ಲಿ ದುಡ್ಡಿಲ್ಲ. ವಾಷಿಂಗ್ಟನ್ ಮಾಂಟ್ಗೊಮರಿಗೆ ಹೋಗಿ ತಮ್ಮ ಗಡಿಯಾರ ಅಡ ಇಟ್ಟು 15 ಡಾಲರ್ ತಂದರು. ನಾಲ್ಕನೇ ಗೂಡು ಸರಿಯಾಗಿ ಬೆಂದಿತು. ಆಮೇಲೆ ಸುತ್ತಮುತ್ತಲ ಬಿಳಿಯರೂ ಇಟ್ಟಿಗೆಗೆ ಇಲ್ಲಿಗೇ ಬರತೊಡಗಿದರು.

ವಾಷಿಂಗ್ಟನ್ ಅವರ ಮನೆ ‘ದಿ ಓಕ್ಸ್’ 1899ರದ್ದು. ಅದರ ಗೋಡೆಗೆ ತೀರಾ ಹತ್ತಿರ ನಿಂತು ನೋಡಿ. ಇಟ್ಟಿಗೆಗಳ ಬಣ್ಣ ಒಂದೇ ಸಮ ಇಲ್ಲ. ಕೆಲವು ಕಡುಗೆಂಪು, ಕೆಲವು ಸ್ವಲ್ಪ ಕಪ್ಪಿಟ್ಟಿವೆ, ಕೆಲವದರ ಅಂಚು ಮೊಂಡಾಗಿದೆ. ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗರು ಓದುತ್ತಾ ಮಾಡಿದ ಇಟ್ಟಿಗೆ ಅವು. ನನಗೆ ಆ ಗೋಡೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ನೋಡಿದವರು ಬರೆಯಿರಿ. ನೋಡದವರು ಕೇಳಿ.

ಗಾರೆ ಕೆಲಸ:

ಒಳ್ಳೇ ವಿಷಯ ಎತ್ತಿದಿರಿ ಸರ್. ನಾನು ಮೈಸೂರಿನಲ್ಲಿ ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿದ್ದೇನೆ. ಟಸ್ಕೀಗೀ ಅಂದರೆ ನಮ್ಮ ಕ್ಷೇತ್ರದವರಿಗೆ ರಾಬರ್ಟ್ ಆರ್. ಟೇಲರ್ ಅವರ ಊರು. ಎಂಐಟಿಯಲ್ಲಿ ಆರ್ಕಿಟೆಕ್ಚರ್ ಓದಿದ ಮೊದಲ ಕಪ್ಪು ವಿದ್ಯಾರ್ಥಿ ಅವರು, 1892ರಲ್ಲಿ ಪದವಿ. ವಾಷಿಂಗ್ಟನ್ ಅವರೇ ಅವರನ್ನು ಟಸ್ಕೀಗೀಗೆ ಕರೆಸಿಕೊಂಡರು. ದಿ ಓಕ್ಸ್ ಸೇರಿದಂತೆ ಆವರಣದ ಎಷ್ಟೋ ಕಟ್ಟಡಗಳ ನಕ್ಷೆ ಅವರದು.

ಅವರು ಅತಿ ಹೆಚ್ಚು ಪ್ರೀತಿಸಿದ್ದು ಶಾಲೆಯ ಆವರಣದಲ್ಲಿ 1898ರಲ್ಲಿ ಮುಗಿದ ಚಾಪೆಲ್ (ಪ್ರಾರ್ಥನಾ ಮಂದಿರ) ಅನ್ನು. ವಿದ್ಯಾರ್ಥಿಗಳೇ ಮಾಡಿದ ಸುಮಾರು 12 ಲಕ್ಷ ಇಟ್ಟಿಗೆ ಅದಕ್ಕೆ ಹೋಗಿತ್ತು. 1942ರ ಡಿಸೆಂಬರ್‌ನಲ್ಲಿ ಟೇಲರ್ ಅದೇ ಚಾಪೆಲ್‌ನಲ್ಲಿ ಕುಸಿದುಬಿದ್ದು ತೀರಿಕೊಂಡರು. 1957ರ ಜನವರಿಯಲ್ಲಿ ಚಾಪೆಲ್ ಬೆಂಕಿಗೆ ಆಹುತಿಯಾಯಿತು. ಈಗ ಅಲ್ಲಿರುವುದು 1969ರ ಹೊಸ ಚಾಪೆಲ್. ಪಾಲ್ ರುಡಾಲ್ಫ್ ವಿನ್ಯಾಸ. ಗೋಡೆಗಳು ಓರೆಯಾಗಿ ಬಾಗಿ ಹೋಗುತ್ತವೆ, ಬೆಳಕು ಮೇಲಿನಿಂದ ಗೋಡೆಯ ಮೇಲೆ ಜಾರುತ್ತದೆ. ಅದನ್ನೂ ಬಿಡಬೇಡಿ. ಹಳೇ ಚಾಪೆಲ್‌ನ ಹಾಡುವ ಕಿಟಕಿಗಳನ್ನು ಇಲ್ಲಿ ಹೊಸದಾಗಿ ಮಾಡಿಸಿದ್ದಾರೆ. ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದ ಭಕ್ತಿಗೀತೆಗಳನ್ನು ಬಣ್ಣದ ಗಾಜಿನಲ್ಲಿ ಬಿಡಿಸಿದ ಕಿಟಕಿಗಳು.

ರೆಕ್ಕೆ:

ನನಗೆ ಟಸ್ಕೀಗೀ ಅಂದರೆ ವಿಮಾನ. ಮೋಟನ್ ಫೀಲ್ಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಕಪ್ಪು ಜನರಿಗೆ ಯುದ್ಧವಿಮಾನ ಹಾರಿಸಲು ಬರುವುದಿಲ್ಲ ಅಂತ ಸೇನೆಯಲ್ಲೇ ಬಹಳ ಜನ ನಂಬಿದ್ದ ಕಾಲ ಅದು. 1941ರಿಂದ 1946ರವರೆಗೆ ಟಸ್ಕೀಗೀಯಲ್ಲಿ ಸಾವಿರದಷ್ಟು ಪೈಲಟ್‌ಗಳು ತಯಾರಾದರು. ಅವರ ಮೊದಲ ಹಂತದ ತರಬೇತಿ ನಡೆದದ್ದು ಈ ಮೈದಾನದಲ್ಲಿ. 1941ರ ಮಾರ್ಚ್‌ನಲ್ಲಿ ಎಲಿನಾರ್ ರೂಸ್ವೆಲ್ಟ್ ಟಸ್ಕೀಗೀಗೆ ಬಂದರು. ತರಬೇತುದಾರ ಆಲ್ಫ್ರೆಡ್ ಆಂಡರ್ಸನ್ ಜೊತೆ ವಿಮಾನ ಹತ್ತಿ ಊರಿನ ಮೇಲೆ ಒಂದು ಸುತ್ತು ಹೊಡೆದರು. ಅಧ್ಯಕ್ಷರ ಹೆಂಡತಿ ಕಪ್ಪು ಪೈಲಟ್ ಹಿಂದೆ ಕೂತ ಆ ಫೋಟೋ ದೇಶವೆಲ್ಲ ನೋಡಿತು.

1941ರ ಒಂದನೇ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಇನ್ನೂ ಇದೆ. 2008ರಿಂದ ಮ್ಯೂಸಿಯಂ. ಎರಡನೇ ಹ್ಯಾಂಗರ್ 1989ರಲ್ಲಿ ಸುಟ್ಟುಹೋಗಿತ್ತು, ಈಗಿನದು ಮತ್ತೆ ಕಟ್ಟಿದ್ದು. ಹೆದ್ದಾರಿಯ 38ನೇ ಎಕ್ಸಿಟ್‌ನಲ್ಲಿ ಇಳಿದರೆ ತೀರಾ ಹತ್ತಿರ.

ಮೈಸೂರು ಮಲ್ಲಿ:

ನಾವು ಅಟ್ಲಾಂಟಾದಲ್ಲಿದ್ದೇವೆ. ಮಕ್ಕಳಿಗೆ ಹತ್ತು ಮತ್ತು ಹದಿಮೂರು ವಯಸ್ಸು. ಒಂದೇ ದಿನ ಇದ್ದರೆ ಏನು ನೋಡಬೇಕು? ನನಗೆ ಒಂದು ಅಳುಕೂ ಇದೆ. ಟಸ್ಕೀಗೀ ಅಂದರೆ ಆ ಸಿಫಿಲಿಸ್ (ಲೈಂಗಿಕ ರೋಗ) ಪ್ರಯೋಗ ಅಂತಲೇ ನಾನು ಓದಿದ್ದು. ಮಕ್ಕಳಿಗೆ ಅದನ್ನೆಲ್ಲ ಹೇಗೆ ಹೇಳುವುದು?

ಆಬರ್ನ್ ಕನ್ನಡಿಗ:

ಮಲ್ಲಿ ಅಕ್ಕ, ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ಕಟ್ಟಡದ ಬಗ್ಗೆ ಹೇಳಬೇಕು. ಅದೇ ಈ ಕೌಂಟಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಟಸ್ಕೀಗೀಯಿಂದ ಉತ್ತರಕ್ಕೆ ನೊಟಸಲ್ಗಾ ಅಂತ ಚಿಕ್ಕ ಊರಿದೆ. ಅದರ ಹತ್ತಿರ ಶೈಲೋ ಚರ್ಚು, ಪಕ್ಕದಲ್ಲೇ ಶೈಲೋ ರೋಸನ್‌ವಾಲ್ಡ್ ಶಾಲೆ. ಮರದ ಹಲಗೆಯ ಕಟ್ಟಡ. ನೂರು ವರ್ಷದಷ್ಟು ಹಳೆಯದು. ದೂರದಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ.

ಇದರ ಹಿಂದಿನ ಕಥೆ ಹೀಗಿದೆ. ಜೂಲಿಯಸ್ ರೋಸನ್‌ವಾಲ್ಡ್ ಷಿಕಾಗೋದ ಸಿಯರ್ಸ್ ಕಂಪನಿಯ ಮುಖ್ಯಸ್ಥರು. 1912ರಲ್ಲಿ ತಮಗೆ ಐವತ್ತು ತುಂಬಿದಾಗ ವಾಷಿಂಗ್ಟನ್ ಅವರ ಟಸ್ಕೀಗೀ ಶಾಲೆಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಉಳಿದ ಸ್ವಲ್ಪ ಹಣದಲ್ಲಿ ಹಳ್ಳಿಗಳ ಕಪ್ಪು ಮಕ್ಕಳಿಗೆ ಆರು ಶಾಲೆ ಕಟ್ಟಬಹುದಾ ಅಂತ ವಾಷಿಂಗ್ಟನ್ ಕೇಳಿದರು. ಮೊದಲನೆಯದು ಪಕ್ಕದ ಲೀ ಕೌಂಟಿಯ ಲೋಚಪೋಕಾದಲ್ಲಿ 1913ರಲ್ಲಿ ಎದ್ದಿತು. ಖರ್ಚು 942 ಡಾಲರ್ ಚಿಲ್ಲರೆ. ರೋಸನ್‌ವಾಲ್ಡ್ ಕೊಟ್ಟದ್ದು 300. ಊರಿನ ಬಿಳಿಯರು 360 ಕೊಟ್ಟರು. ಕಪ್ಪು ಜನ 150 ಡಾಲರ್ ನಗದು ಕೊಟ್ಟು, ಉಳಿದದ್ದಕ್ಕೆ ಮೈಮುರಿದು ದುಡಿದರು.

1932ರ ಹೊತ್ತಿಗೆ ಈ ಯೋಜನೆ 15 ರಾಜ್ಯಗಳಿಗೆ ಹಬ್ಬಿ, ಶಾಲೆ, ಮೇಷ್ಟರ ಮನೆ, ಕಸುಬಿನ ಶೆಡ್ ಎಲ್ಲ ಸೇರಿ 5,357 ಕಟ್ಟಡ ಆಗಿತ್ತು. ಒಟ್ಟು ಖರ್ಚಾದ 2.84 ಕೋಟಿ ಡಾಲರ್‌ನಲ್ಲಿ ದೊಡ್ಡ ಪಾಲು ತೆರಿಗೆ ಹಣ. ಆದರೆ ಇದನ್ನು ಗಮನಿಸಿ: ರೋಸನ್‌ವಾಲ್ಡ್ ಕಡೆಯಿಂದ ಬಂದದ್ದು ಸುಮಾರು 43.6 ಲಕ್ಷ, ಕಪ್ಪು ಹಳ್ಳಿಗರು ಕೂಡಿಸಿದ್ದು 47 ಲಕ್ಷಕ್ಕೂ ಜಾಸ್ತಿ. ಅವರೂ ತೆರಿಗೆ ಕಟ್ಟುತ್ತಿದ್ದವರೇ. ಅದರ ಮೇಲೆ ಇದು. ಗೇಣಿಗೆ ಉಳುವವರು ಹೊಲದ ಒಂದು ತುಂಡನ್ನು ಶಾಲೆಯ ಹೆಸರಿಗೆ ಬಿಟ್ಟು, ಅಲ್ಲಿ ಬೆಳೆದ ಹತ್ತಿಯನ್ನು ಮಾರಿ ಹಣ ತಂದಿದ್ದಾರೆ. ಹೆಂಗಸರು ಕೋಳಿ, ಮೊಟ್ಟೆ ಮಾರಿದ್ದಾರೆ. ದಾನಿಯ ಹೆಸರು ಶಾಲೆಗೆ ಬಂತು. ಆ ಹೆಂಗಸರ ಹೆಸರು ಎಲ್ಲೂ ಇಲ್ಲ. ನನಗೆ ಇದು ತುಂಬಾ ಕಾಡುತ್ತದೆ.

ಗಾರೆ ಕೆಲಸ:

ಈ ಶಾಲೆಗಳ ನಕ್ಷೆಗಳನ್ನು ನಾನು ಕೂತು ಓದಿದ್ದೇನೆ. 1915ರಲ್ಲಿ ಟಸ್ಕೀಗೀಯವರೇ ಹಳ್ಳಿ ಶಾಲೆಗಳಿಗೆ ಮಾದರಿ ನಕ್ಷೆ ಅಚ್ಚು ಹಾಕಿದರು. ಟೇಲರ್ ಕೈ ಅದರಲ್ಲೂ ಇದೆ. 1920ರ ನಂತರ ನಕ್ಷೆಯ ಕೆಲಸ ರೋಸನ್‌ವಾಲ್ಡ್ ಫಂಡಿನ ನ್ಯಾಶ್‌ವಿಲ್ ಕಚೇರಿಗೆ ಹೋಯಿತು.

ಅಲ್ಲಿಗೆ ಹೋದವರು ಕಿಟಕಿ ನೋಡಿ. ಎತ್ತರದ ಕಿಟಕಿಗಳನ್ನು ಬಿಡಿಬಿಡಿಯಾಗಿ ಇಡುವುದಿಲ್ಲ. ಒಂದೇ ಗೋಡೆಯಲ್ಲಿ ಒತ್ತಾಗಿ ಸಾಲಾಗಿ ಕೂರಿಸುತ್ತಾರೆ. ಕರೆಂಟು ಇಲ್ಲದ ಹಳ್ಳಿ. ಬೆಳಕು ಪೂರ್ವದಿಂದ ಇಲ್ಲವೇ ಪಶ್ಚಿಮದಿಂದ ಬರುವ ಹಾಗೆ ಕಟ್ಟಡವನ್ನೇ ತಿರುಗಿಸಿ ನಿಲ್ಲಿಸಬೇಕು ಅಂತ ಸೂಚನೆ. ಹಾಗಾಗಿ ಎಷ್ಟೋ ಶಾಲೆಗಳು ರಸ್ತೆಗೆ ನೇರವಾಗಿ ಮುಖ ಮಾಡಿಲ್ಲ. ಬೆಂಚುಗಳನ್ನು ಕಿಟಕಿ ಎಡಗಡೆಗೆ ಬರುವಂತೆ ಹಾಕುತ್ತಿದ್ದರು. ಬಲಗೈಯಲ್ಲಿ ಬರೆಯುವ ಮಗುವಿನ ಅಕ್ಷರದ ಮೇಲೆ ಅದರ ಕೈಯ ನೆರಳೇ ಬೀಳಬಾರದು ಅಂತ. ಇಷ್ಟು ಸಣ್ಣ ವಿಷಯವನ್ನು ಯೋಚಿಸಿ ಕಟ್ಟಿದ ಶಾಲೆ ಅದು! ಎರಡು ಕ್ಲಾಸಿನ ನಡುವೆ ಸರಿಸುವ ಗೋಡೆ ಇರುತ್ತದೆ. ಸರಿಸಿದರೆ ಊರಿನ ಸಭೆಗೆ ಒಂದೇ ದೊಡ್ಡ ಹಾಲ್. ನೆಲ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತದೆ, ಅಡಿಯಲ್ಲಿ ಗಾಳಿ ಆಡುತ್ತದೆ, ಮರಕ್ಕೆ ತೇವ ಹಿಡಿಯುವುದಿಲ್ಲ.

ಇದು ಯಾರೂ ವಾಸ್ತುಶಿಲ್ಪದ ಪುಸ್ತಕದಲ್ಲಿ ದೊಡ್ಡದಾಗಿ ಹಾಕುವ ಕಟ್ಟಡ ಅಲ್ಲ. ಆದರೆ ಕಂಬದ ಬಂಗಲೆಗಿಂತ ಇದರಲ್ಲಿ ತಲೆ ಜಾಸ್ತಿ ಓಡಿದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ತೊಟ್ಟಿಮನೆ:

ಗಾರೆಯವರೇ, ಅಷ್ಟು ಕಡಾಖಂಡಿತವಾಗಿ ಹೇಳಬೇಡಿ. ಗ್ರೇ ಕಾಲಮ್ಸ್ ಕೂಡ ಕೈಕೆಲಸದವರ ಶ್ರಮವೇ. ಅದನ್ನು ಕಡೆಗಣಿಸಿದರೆ ಆ ಶ್ರಮವನ್ನೂ ಕಡೆಗಣಿಸಿದ ಹಾಗೆ ಆಗುವುದಿಲ್ಲವೇ? ಗುಲಾಮಗಿರಿಯ ಕಾಲದ ಶ್ರೀಮಂತರ ಮನೆ ಅಂತ ಹೇಳಿಯೇ ತೋರಿಸಲಿ. ಕೆಡವುವುದೂ ಬೇಡ, ಮರೆಮಾಚುವುದೂ ಬೇಡ.

ಗಾರೆ ಕೆಲಸ:

ಕೆಡವಿ ಅಂತ ನಾನು ಹೇಳಿಲ್ಲ ಸರ್, ಯಾವತ್ತೂ ಹೇಳುವುದೂ ಇಲ್ಲ. ಕಾಳಜಿ ಯಾವುದಕ್ಕೆ ಮೊದಲು ಬೇಕು ಅನ್ನೋದಷ್ಟೇ ನನ್ನ ಮಾತು. ಇಟ್ಟಿಗೆಯ ಬಂಗಲೆ ಹತ್ತು ವರ್ಷ ಕೈಬಿಟ್ಟರೂ ನಿಂತಿರುತ್ತದೆ. ಮರದ ಶಾಲೆಯ ಛಾವಣಿ ಒಂದು ಕಡೆ ಸೋರಲು ಶುರುವಾದರೆ ಕೆಲವೇ ಮಳೆಗಾಲ ಸಾಕು. ಅಲಬಾಮಾದ ಸೆಖೆ, ಮಳೆ, ಗೆದ್ದಲು ಮೂರೂ ಮರಕ್ಕೆ ಶತ್ರು. 2002ರಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ಅಮೆರಿಕದ ಸಂಸ್ಥೆ ನ್ಯಾಷನಲ್ ಟ್ರಸ್ಟ್ ರೋಸನ್‌ವಾಲ್ಡ್ ಶಾಲೆಗಳನ್ನು ದೇಶದ ಅತಿ ಅಪಾಯದ ತಾಣಗಳ ಪಟ್ಟಿಗೆ ಸೇರಿಸಿದ್ದು ಸುಮ್ನೆ ಅಲ್ಲ. ಅಷ್ಟರಲ್ಲಿ ಬಹುಪಾಲು ಶಾಲೆಗಳು ಮಾಯವಾಗಿದ್ದವು.

ಹಳೇ ಮೆತ್ತನೆ ಇಟ್ಟಿಗೆಯ ಬಗ್ಗೆಯೂ ಒಂದು ಮಾತು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ತುಂಬಿ ‘ರಿಪೇರಿ’ ಮಾಡುವುದನ್ನು ನಮ್ಮ ಮೈಸೂರಿನಲ್ಲೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ. ಗೋಡೆಯೊಳಗಿನ ತೇವ ಸಂದಿಯಿಂದ ಹೊರಗೆ ಹೋಗಲಾಗದೆ ಇಟ್ಟಿಗೆಯ ಮೈಯಿಂದಲೇ ಹೊರಬರುತ್ತದೆ. ಇಟ್ಟಿಗೆ ಪದರ ಪದರವಾಗಿ ಉದುರುತ್ತದೆ. ಒಳ್ಳೇ ಮನಸ್ಸಿನಿಂದ ಮಾಡಿದ ರಿಪೇರಿಯೇ ಕಟ್ಟಡವನ್ನು ಕೊಲ್ಲುತ್ತದೆ.

ಹಳೇ ಪುಟ:

ನಾನು ಹಾಸನದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮಲ್ಲಿ ಮೇಡಂ ಕೇಳಿದ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದೂ ಶೈಲೋಗೇ ಬಂದು ಸೇರುತ್ತದೆ.

1930ರ ಸುಮಾರಿಗೆ ಮೇಕನ್ ಕೌಂಟಿಯಲ್ಲಿ ಸಿಫಿಲಿಸ್‌ಗೆ ಚಿಕಿತ್ಸೆ ಕೊಡುವ ಯೋಜನೆಯೊಂದು ನಡೆದಿತ್ತು. ಅದಕ್ಕೂ ದುಡ್ಡು ರೋಸನ್‌ವಾಲ್ಡ್ ಫಂಡಿನದೇ. ಆರ್ಥಿಕ ಕುಸಿತ ಬಂದು ಆ ಹಣ ನಿಂತಿತು. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ನೋಡೋಣ ಅಂತ ಹೊರಟಿತು. 600 ಕಪ್ಪು ಗಂಡಸರು, ಅವರಲ್ಲಿ 399 ಜನರಿಗೆ ರೋಗ ಇತ್ತು. ‘ನಿಮ್ಮ ರಕ್ತ ಕೆಟ್ಟಿದೆ’ ಅಂತಷ್ಟೇ ಹೇಳಿದರು. ಊಟ, ಓಡಾಟಕ್ಕೆ ವಾಹನ, ಸತ್ತರೆ ಮಣ್ಣು ಮಾಡುವ ಖರ್ಚು, ಇಷ್ಟು ಆಸೆ ತೋರಿಸಿದರು. 1947ರ ಹೊತ್ತಿಗೆ ಈ ರೋಗ ವಾಸಿ ಮಾಡುವ ಪೆನಿಸಿಲಿನ್ ಎಲ್ಲೆಡೆ ಸಿಗುತ್ತಿತ್ತು. ಇವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆಯೇ ಇದು ನಿಂತದ್ದು. ವಕೀಲ ಫ್ರೆಡ್ ಗ್ರೇ ಕೇಸು ಹಾಕಿ ಹೋರಾಡಿದರು. 1974ರಲ್ಲಿ 1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. 1997ರ ಮೇ 16ರಂದು ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು.

ಆ ಗಂಡಸರನ್ನು ಸೇರಿಸಿಕೊಂಡ ಜಾಗಗಳಲ್ಲಿ ಶೈಲೋ ಚರ್ಚೂ ಒಂದು. ಅವರಲ್ಲಿ ಕೆಲವರು ಅಲ್ಲಿನ ಸ್ಮಶಾನದಲ್ಲೇ ಮಲಗಿದ್ದಾರೆ. ಮಕ್ಕಳ ಶಾಲೆಗೆ ಹೊಟ್ಟೆ ಬಟ್ಟೆ ಕಟ್ಟಿ ಹಣ ಕೂಡಿಸಿದ ಊರು ಅದು. ಅದೇ ಊರಿನ ನಂಬಿಕೆಯನ್ನು ಸರ್ಕಾರ ಹೀಗೆ ಬಳಸಿಕೊಂಡಿತು. ಹದಿಮೂರರ ಮಗುವಿಗೆ ಇದು ಅರ್ಥವಾಗುತ್ತದೆ ಮೇಡಂ. ‘ಡಾಕ್ಟರು ಸುಳ್ಳು ಹೇಳಿದರು, ಔಷಧಿ ಇದ್ದೂ ಕೊಡಲಿಲ್ಲ’ ಅಂದರೆ ಹತ್ತರ ಮಗುವಿಗೂ ಅರ್ಥವಾಗುತ್ತದೆ. ಆದರೆ ಮೊದಲು ಶಾಲೆ ತೋರಿಸಿ, ಆಮೇಲೆ ಸ್ಮಶಾನ. ಈ ಜನರನ್ನು ಬರೀ ಮೋಸಹೋದವರು ಅಂತ ಮಕ್ಕಳು ನೆನಪಿಟ್ಟುಕೊಳ್ಳಬಾರದು.

ಮೈಸೂರು ಮಲ್ಲಿ:

ಥ್ಯಾಂಕ್ಸ್ ಸರ್. ಶಾಲೆ ಮೊದಲು ಅನ್ನೋದು ತುಂಬಾ ಸರಿ. ಹಾಗೇ ಮಾಡುತ್ತೇನೆ.

ತೊಟ್ಟಿಮನೆ:

ಊರಿನ ನಡುವಿನ ಚೌಕದ ಬಗ್ಗೆ ಏನು ಹೇಳುತ್ತೀರಿ? ಅಲ್ಲಿ ಕಾನ್ಫೆಡರೇಟ್ (ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಪಡೆ) ಸೈನಿಕನ ಪ್ರತಿಮೆ ಇತ್ತು, ಅದರ ಮೇಲೆ ಗಲಾಟೆ ಆಗಿತ್ತು ಅಂತ ಓದಿದ ನೆನಪು.

ಹಳೇ ಪುಟ:

ಹೌದು. 1906ರಲ್ಲಿ ಕೌಂಟಿಯವರು ಆ ಚೌಕವನ್ನು ಕಾನ್ಫೆಡರೇಟ್ ಸೈನಿಕರ ವಂಶದ ಹೆಂಗಸರ ಸಂಘಕ್ಕೆ ಕೊಟ್ಟರು. ‘ಬಿಳಿಯರಿಗಾಗಿ ಪಾರ್ಕ್’ ಅನ್ನೋದು ಉದ್ದೇಶ. ಬಹುಪಾಲು ಕಪ್ಪು ಜನರೇ ಇರುವ ಊರಿನ ನಡುಮಧ್ಯೆ! ಅಲ್ಲಿನ ಪ್ರತಿಮೆ ತೆಗೆಸಲು ಊರವರು ಹಲವು ಸಲ ಪ್ರಯತ್ನಿಸಿದರು. ಜಾಗ ತಮ್ಮದು ಅಂತ ಆ ಸಂಘ ಪಟ್ಟು ಹಿಡಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಚೌಕ ಊರಿನವರದು. ಅಲ್ಲಿ ಏನಿರಬೇಕು ಅಂತ ಅವರೇ ತೀರ್ಮಾನಿಸಬೇಕು.

ಆದರೆ ಈ ಊರಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸ್ಮಾರಕ ಇದೆ. ಅದು ಊರಿನ ಗಡಿ. 1957ರಲ್ಲಿ ಅಲಬಾಮಾ ಶಾಸನಸಭೆ ಚೌಕಾಕಾರದ ಟಸ್ಕೀಗೀಯನ್ನು 28 ಬದಿಯ ಸೊಟ್ಟಂಬಟ್ಟ ಆಕಾರಕ್ಕೆ ಕತ್ತರಿಸಿತು. 400ರಷ್ಟು ಕಪ್ಪು ಮತದಾರರಲ್ಲಿ ನಾಲ್ಕೈದು ಜನ ಬಿಟ್ಟು ಎಲ್ಲರೂ ಊರಿನ ಹೊರಗೆ, ಅಂದರೆ ಊರಿನ ಚುನಾವಣೆಯಲ್ಲಿ ಅವರಿಗೆ ಮತ ಇಲ್ಲ. ಬಿಳಿಯರಲ್ಲಿ ಒಬ್ಬರೂ ಹೊರಗೆ ಹೋಗಲಿಲ್ಲ. ಜನ ಬಟ್ಲರ್ ಚಾಪೆಲ್‌ನಲ್ಲಿ ಸೇರಿದರು. ಬಿಳಿಯರ ಅಂಗಡಿಗಳಲ್ಲಿ ಸಾಮಾನು ಕೊಳ್ಳುವುದನ್ನೇ ನಿಲ್ಲಿಸಿದರು. ಟಸ್ಕೀಗೀಯ ಪ್ರೊಫೆಸರ್ ಚಾರ್ಲ್ಸ್ ಗೊಮಿಲಿಯನ್ ಮುಂದೆ ನಿಂತು ನಡೆಸಿದ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1960ರ ನವೆಂಬರ್‌ನಲ್ಲಿ ಅವರ ಪರ ತೀರ್ಪು ಬಂತು. ಅವರ ವಕೀಲರೂ ಇದೇ ಫ್ರೆಡ್ ಗ್ರೇ. ಹಾಗಾಗಿ ಬಟ್ಲರ್ ಚಾಪೆಲ್ ಮುಂದೆ ಐದು ನಿಮಿಷ ನಿಲ್ಲದೆ ಯಾರೂ ಬರಬೇಡಿ. ಶಾಲೆ ಹುಟ್ಟಿದ್ದೂ ಅಲ್ಲೇ, ಈ ಹೋರಾಟ ಕೂಡಿದ್ದೂ ಅಲ್ಲೇ.

ಕಡಲೆಕಾಯಿ:

ಕಾರ್ವರ್ ಅವರನ್ನು ಯಾರೂ ನೆನೆಯಲಿಲ್ಲವಲ್ಲ! ಪಾವಗಡದ ಕಡೆಯ ಶೇಂಗಾ ಬೆಳೆಗಾರರ ಮನೆಯವನು ನಾನು. ಹತ್ತಿ ಬೆಳೆದು ಬೆಳೆದು ಸಾರ ಕಳೆದುಕೊಂಡ ಹೊಲಕ್ಕೆ ಕಡಲೆಕಾಯಿ, ಅಲಸಂದೆ ಹಾಕಿ ಅಂತ ಈ ಕೌಂಟಿಯ ಬಡ ರೈತರಿಗೆ ಹೇಳಿಕೊಟ್ಟವರು ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್. 1896ರಲ್ಲಿ ಟಸ್ಕೀಗೀಗೆ ಬಂದವರು 1943ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಗಾಂಧೀಜಿಯ ಗೆಳೆಯ ದೀನಬಂಧು ಆಂಡ್ರೂಸ್ 1929ರಲ್ಲಿ ಟಸ್ಕೀಗೀಗೆ ಹೋಗಿದ್ದರು. ಗಾಂಧೀಜಿಯ ಊಟದ ಬಗ್ಗೆ ಕಾರ್ವರ್ ಸಲಹೆ ಕೊಟ್ಟದ್ದು ಅವರ ಮೂಲಕವೇ.

ಅವರ ಮ್ಯೂಸಿಯಂ ಇರುವ ಕಟ್ಟಡ ಮೊದಲು ಏನಾಗಿತ್ತು ಗೊತ್ತಾ? ಶಾಲೆಯ ಬಟ್ಟೆ ಒಗೆಯುವ ಮನೆ. 1915ರದ್ದು.

ಆಬರ್ನ್ ಕನ್ನಡಿಗ:

ಎಲ್ಲರಿಗೂ ಧನ್ಯವಾದ. ಕಡಲೆಕಾಯಿಯವರೇ, ಅದನ್ನು ನಾನೇ ಮೊದಲು ಬರೆಯಬೇಕಿತ್ತು. 1947ರಲ್ಲಿ ಆ ಮ್ಯೂಸಿಯಂಗೂ ಬೆಂಕಿ ಬಿದ್ದು ಕಾರ್ವರ್ ಬಿಡಿಸಿದ ಚಿತ್ರಗಳಲ್ಲಿ ಬಹಳಷ್ಟು ಹಾಳಾದವು. ಉಳಿದದ್ದನ್ನಾದರೂ ನೋಡಬೇಕು.

ಮಲ್ಲಿ ಅಕ್ಕ, ಒಂದು ದಿನಕ್ಕೆ ನಾನು ಹೇಳುವ ಕ್ರಮ ಇದು. ಬೆಳಿಗ್ಗೆ ಶೈಲೋ. ಕಿಟಕಿಯ ಬೆಳಕು ನೋಡಬೇಕೆಂದರೆ ಬೇಗ ಹೊರಡಿ. ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಅದು ಟಿಕೆಟ್ ಕೌಂಟರ್ ಇರುವ ಜಾಗ ಅಲ್ಲ, ಊರಿನವರೇ ಸಂಘ ಕಟ್ಟಿಕೊಂಡು ಉಳಿಸಿಕೊಂಡದ್ದು. ಆಮೇಲೆ ಬಟ್ಲರ್ ಚಾಪೆಲ್, ಅಲ್ಲಿಂದ ಟಸ್ಕೀಗೀ ವಿಶ್ವವಿದ್ಯಾಲಯ. ವಿದ್ಯಾರ್ಥಿಗಳು ಓದುತ್ತಿರುವ ಕ್ಯಾಂಪಸ್ ಅದು, ಹಾಗಿದ್ದೂ ರಾಷ್ಟ್ರೀಯ ಐತಿಹಾಸಿಕ ತಾಣ. ಊಟ ಕಟ್ಟಿಕೊಂಡು ಹೋಗಿ, ಸಸ್ಯಾಹಾರಿಗಳಿಗೆ ಊರಲ್ಲಿ ಆಯ್ಕೆ ಕಡಿಮೆ. ಕೊನೆಗೆ ಮೋಟನ್ ಫೀಲ್ಡ್. ಮಕ್ಕಳು ಸುಸ್ತಾಗಿದ್ದರೂ ವಿಮಾನ ನೋಡಿದರೆ ಮತ್ತೆ ಓಡಾಡುತ್ತಾರೆ.

ಗಾರೆಯವರೇ, ಶೈಲೋದ ಇಟ್ಟಿಗೆ ಕಂಬಗಳ ಸಂದಿಗೆ ಏನು ತುಂಬಿದ್ದಾರೆ, ಸುಣ್ಣವೋ ಸಿಮೆಂಟೋ, ಈ ಸಲ ಹೋದಾಗ ಹತ್ತಿರದಿಂದ ಫೋಟೋ ತೆಗೆದು ಹಾಕುತ್ತೇನೆ. ನೋಡಿ ಹೇಳಿ. ಏನಾದರೂ ಸರಿಪಡಿಸಬೇಕಿದ್ದರೆ ಅಲ್ಲಿನ ಸಂಘದವರಿಗೆ ಬರೆಯೋಣ, ಜೊತೆಗೆ ನಮ್ಮ ಕೈಲಾದಷ್ಟು ಹಣವನ್ನೂ ಕೂಡಿಸಿ ಕಳಿಸೋಣ. ಸೇರುವವರು ಇಲ್ಲೇ ತಿಳಿಸಿ.